ಹತ್ತು ಸಾವಿರ ಪಾಯಿಂಟು

ಹಿರೇಗುಂಟನೂರಿನ ಕುರಿ ಮುದ್ದಪ್ಪನ ಬಲಗೈ ಬಿದ್ದುಹೋಗಿತ್ತು, ಬಾಯಿ ಬಿದ್ದಿರಲಿಲ್ಲ. ದೀಪಾವಳಿ ಕಳೆದ ಮೂರನೇ ದಿನ ಲಕ್ವ ಹೊಡೆದು, ದುರ್ಗದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿ ಬಂದವನು ಆಟೋದಿಂದ ಇಳಿಯುವ ಮೊದಲೇ ಸೊಸೆಯನ್ನು ಕೇಳಲು ಶುರು ಮಾಡಿದ. ಕುರಿ ನೀರು ಕುಡಿದವಾ? ಕುಂಟು ಮರಿಯ ಕಾಲಿಗೆ ಬೇವಿನೆಣ್ಣೆ ಹಚ್ಚಿದೆಯಾ? ಕುರಿ ರೊಪ್ಪದ ಬೇಲಿಗೆ ಹೊಸ ಮುಳ್ಳು ಹಾಕಿದಿರಾ?

"ಎಲ್ಲಾ ಆಗೈತೆ ಮಾವ, ಮೊದ್ಲು ಇಳೀರಿ," ಅಂದಳು ನಾಗಶ್ರೀ.

ಆಗಿತ್ತು, ಯಾಕೆ ಆಗಿರುವುದಿಲ್ಲ? ಮಾಡಿದವಳು ಅವಳೇ. ಗಂಡ ಬೀರೇಶನಿಗೆ ಗಾಳಿಯಂತ್ರದ ಕಂಪನಿಯಲ್ಲಿ ಕಾವಲು ಕೆಲಸ. ಡ್ಯೂಟಿ ಮುಗಿಸಿ ಬಂದರೆ ಮಲಗುವುದೇ ಇನ್ನೊಂದು ಡ್ಯೂಟಿ. ಅತ್ತೆ ಬರಗೇರಮ್ಮನಿಗೆ ಮಂಡಿನೋವು. ಮಗಳು ದಿವ್ಯಾ ಎಂಟನೇ ಕ್ಲಾಸು. ಉಳಿದವಳು ಬಿ.ದುರ್ಗದಿಂದ ಮದುವೆಯಾಗಿ ಬಂದ ಈ ನಾಗಶ್ರೀ. ಪಿಯುಸಿ ಪಾಸಾಗಿದ್ದಳು, ಕುರಿಯ ಹಿಂದೆ ಒಂದು ದಿನವೂ ಹೋದವಳಲ್ಲ. ಈಗ ಐದಕ್ಕೆ ಎದ್ದು, ಕಸ ಹೊಡೆದು, ಮುದ್ದೆ ತಿರುವಿಟ್ಟು, ಐವತ್ತನಾಲ್ಕು ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋದರೆ ಬರುವುದು ಹೊತ್ತಿಳಿದ ಮೇಲೆ. ಬಂದ ಮೇಲೆ ಮಾವನಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡಬೇಕು. ಹಣೆಗೆ ಮನೆದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚಬೇಕು. ದೇವರ ಗೂಡು ಗೋಡೆಯ ಎತ್ತರದಲ್ಲಿತ್ತು, ಮುದ್ದಪ್ಪನ ಕೈ ಅಲ್ಲಿಗೆ ಏಳುತ್ತಿರಲಿಲ್ಲ. ಎಡಗೈಯಲ್ಲಿ ಭಂಡಾರ ಮುಟ್ಟುವವನೂ ಅವನಲ್ಲ.

ಒಂದು ದಿನ ಊಟಕ್ಕೆ ಕೂತಾಗ ಬೀರೇಶ ಬಾಯಿ ಬಿಟ್ಟ.

"ಅಪ್ಪ, ಕುರಿ ಮಾರಿಬಿಡಾಣ. ನಂಗೊಂದು ಗೂಡ್ಸ್ ಗಾಡಿ ಆಗ್ತೈತೆ. ಈ ಕಾವಲು ಕೆಲ್ಸದಾಗೆ ಏನೈತೆ?"

"ಗಾಡಿ ಮರಿ ಹಾಕ್ತೈತೇನ್ಲೇ?"

"ಕಾಯೋರು ಯಾರು ಅದನ್ನ ಹೇಳು. ಇವ್ಳ ಕಾಲು ನೋಡಿದೀಯಾ?"

"ನನ್ ಕೈ ಬರಾಗಂಟ ನಾಗವ್ವ ಕಾಯ್ತಾಳೆ. ಆಮ್ಯಾಕೆ ನಾನಿದೀನಿ."

"ಆ ಕೈ ಬರಲ್ಲಪ್ಪ! ಡಾಕ್ಟ್ರೇ ಅಂದವ್ರೆ."

ಮುದ್ದಪ್ಪ ಎಡಗೈಯಿಂದ ತಟ್ಟೆ ಎತ್ತಿ ಎಸೆದ. ಸಾರು ಗೋಡೆಯ ಮೇಲೆ ಹರಿಯಿತು. "ಮಾರೋದಾದ್ರೆ ಮೊದ್ಲು ನನ್ನ ಮಾರ್ಲೇ!" ಎಂದು ಕೂಗಿದವನ ಬಾಯಿಯ ಒಂದು ಕಡೆಯಿಂದ ಜೊಲ್ಲು ಸುರಿಯಿತು. ಬರಗೇರಮ್ಮ ಸೆರಗಿನಲ್ಲಿ ಅದನ್ನು ಒರೆಸುತ್ತ ಮಗನನ್ನೇ ಬೈದಳು, ಗಂಡನನ್ನೂ ಬೈದಳು. ಗೋಡೆ ತೊಳೆದವಳು ಮತ್ತೆ ನಾಗಶ್ರೀಯೇ.

ಡಾಕ್ಟರು ನಿಜಕ್ಕೂ ಹಾಗೆ ಅಂದಿರಲಿಲ್ಲ. ಬೆರಳಿಗೆ ಕೆಲಸ ಕೊಡಿ, ಬಂದರೂ ಬಂದೀತು ಅಂದಿದ್ದರು, ಒಂದು ರಬ್ಬರ್ ಚೆಂಡನ್ನೂ ಕೊಟ್ಟಿದ್ದರು. ಹಿಸುಕುತ್ತ ಕೂರಲು ನಾನೇನು ಎಳೆಗೂಸಾ ಎಂದು ಮುದ್ದಪ್ಪ ಅದನ್ನು ನಾಯಿಗೆ ಹಾಕಿದ್ದ.

ಸಂಕ್ರಾಂತಿಗೆ ಮನೆ ಸಾರಿಸುವಾಗ ಅಟ್ಟದ ಮೇಲೆ ದಿವ್ಯಾಳ ಕೈಗೆ ಒಂದು ಡಬ್ಬ ಸಿಕ್ಕಿತು. ಒಳಗೆ ಹಳದಿಗೆ ತಿರುಗಿದ ಪ್ಲಾಸ್ಟಿಕ್ ಪೆಟ್ಟಿಗೆ, ವೈರು ಸುತ್ತಿದ ಎರಡು ಹ್ಯಾಂಡಲ್ಲು, ಒಂದು ಕ್ಯಾಸೆಟ್ಟು. ಬೀರೇಶ ಹತ್ತು ವರ್ಷದವನಿದ್ದಾಗ ಮೂರು ದಿನ ಉಣ್ಣದೆ ಹಟ ಹಿಡಿದು ತರಿಸಿಕೊಂಡ ಟಿವಿ ಗೇಮು. ಆ ವರ್ಷದ ಉಣ್ಣೆಯನ್ನೆಲ್ಲ ಮಾರಿ ಮುದ್ದಪ್ಪ ಸಂತೆಪೇಟೆಯ ಅಂಗಡಿಯಿಂದ ಹೊತ್ತು ತಂದಿದ್ದ. ಅಂಥ ಮಗ ಈಗ ಗಾಡಿಗೆ ಹಟ ಹಿಡಿದಿದ್ದಾನೆ, ಹಟದ ಬೆಲೆ ಏರಿದೆ ಅಷ್ಟೆ.

"ಅಮ್ಮ, ಇದ್ರಾಗೆ ಬಲಗೈ ಹೆಬ್ಬೆಟ್ಟಿನಾಗೇ ಗುಂಡು ಹೊಡೀಬೇಕು. ತಾತಂಗೆ ಕೊಡಾಣ!" ಅಂದಳು ದಿವ್ಯಾ.

ಒಳ್ಳೆಯ ಬುದ್ಧಿ ಎನಿಸಿತು ನಾಗಶ್ರೀಗೆ. ಸುಟ್ಟುಹೋಗಿದ್ದ ಅಡಾಪ್ಟರಿನ ಬದಲು ಹೊಸದನ್ನು ದುರ್ಗದಿಂದ ತರಿಸಿದಳು. ದಿವ್ಯಾ ಕ್ಯಾಸೆಟ್ಟಿಗೆ ಉಫ್ ಉಫ್ ಎಂದು ಊದಿ ಹಾಕಿದಳು. ಟಿವಿ ಕಪ್ಪಗಾಯಿತು. ಕಪ್ಪಿನ ತುಂಬ ನಕ್ಷತ್ರ, ಮೇಲ್ಗಡೆ ಸಾಲುಸಾಲಾಗಿ ಬಣ್ಣದ ಹುಳುಗಳು, ಕೆಳಗೆ ಒಂದೇ ಒಂದು ಪುಟ್ಟ ಹಡಗು. ಹುಳುಗಳು ಸಾಲು ಬಿಟ್ಟು ಒಂದೊಂದಾಗಿ ಓರೆಯಾಗಿ ಕೆಳಗೆ ನುಗ್ಗುತ್ತಿದ್ದವು. ಎಡಗೈಯಲ್ಲಿ ಹಡಗನ್ನು ಸರಿಸಬೇಕು, ಬಲಗೈಯಲ್ಲಿ ಹೊಡೆಯಬೇಕು.

"ಇವೇನು?" ಅಂದ ಮುದ್ದಪ್ಪ.

"ಬೇರೆ ಲೋಕದಿಂದ ಬಂದ ಶತ್ರುಗಳು ತಾತ."

"ಥೂ, ತೋಳ ಕಣೇ ಇವು. ನೋಡು, ಹೆಂಗೆ ಗುಂಪು ಬಿಟ್ಟು ಪಕ್ಕದಿಂದ ಬರ್ತಾವೆ! ಎದುರಿಗೆ ಬರಾವಲ್ಲ ತೋಳ."

ಅಷ್ಟೇ ಸಾಕಾಯಿತು. ಮರುದಿನದಿಂದ ಎದ್ದು ಮುಖ ತೊಳೆದು ಕಾಫಿ ಕುಡಿದರೆ ಹ್ಯಾಂಡಲ್ಲು ಕೈಗೆ ಬೇಕು. ಮೊದಲ ವಾರ ಬಲಗೈ ಹೆಬ್ಬೆಟ್ಟು ಗುಂಡಿಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಅವನು ತೋಳಿನಿಂದ, ಭುಜದಿಂದ, ಇಡೀ ಮೈಯಿಂದ ಅದನ್ನು ಒತ್ತುತ್ತಿದ್ದ. ಮೂರು ಜೀವವೂ ಎರಡು ನಿಮಿಷಕ್ಕೆ ಮುಗಿಯುತ್ತಿದ್ದವು. "ಇನ್ನೊಂದ್ ಕಿತ ಹಚ್ಚು" ಅನ್ನುತ್ತಿದ್ದ. ಮೂರನೇ ವಾರ ಹೆಬ್ಬೆಟ್ಟು ತಾನಾಗಿ ಕುಣಿಯಿತು. ದಿವ್ಯಾ ದಿನದ ಪಾಯಿಂಟನ್ನು ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು: ಮುನ್ನೂರು, ಎಂಟುನೂರು, ಎರಡು ಸಾವಿರದ ನೂರು.

"ನಾಗವ್ವ, ನೋಡಿಲ್ಲಿ," ಎಂದು ಒಂದು ಬೆಳಿಗ್ಗೆ ಲೋಟವನ್ನು ಬಲಗೈಯಲ್ಲೇ ಎತ್ತಿ ತೋರಿಸಿದ. ಕಾಫಿ ಅರ್ಧ ಪಂಚೆಯ ಮೇಲೆ ಚೆಲ್ಲಿತು. "ಉಗಾದಿ ಹೊತ್ತಿಗೆ ಕೋಲು ಹಿಡೀತೀನಿ. ನಿನ್ನ ಕಾಲಿಗೆ ಬಿಡುವು ಕೊಡ್ತೀನಿ ತಾಯಿ."

ಆ ಮಾತಿಗೆ ನಾಗಶ್ರೀಗೆ ಅಳು ಬಂದಿತ್ತು. ಅದನ್ನೂ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವಳು ಮಾಡಿದ್ದು ಬೇರೆಯೇ.

ಶಿವರಾತ್ರಿಗೆ ಎಂಟು ದಿನ ಇರುವಾಗ ಅವಳ ಹಿಮ್ಮಡಿಗೆ ಜಾಲಿಮುಳ್ಳು ನೆಟ್ಟು ಕೀವಾಯಿತು. ಐದು ದಿನ ಕುಂಟುತ್ತಲೇ ಕುರಿಯ ಹಿಂದೆ ನಡೆದಳು. ಆರನೇ ದಿನ ಹಿತ್ತಲಲ್ಲಿ ಕಾಲು ಬಿಸಿನೀರಿಗೆ ಇಟ್ಟುಕೊಂಡು ಕೂತಿದ್ದಾಗ ಬೀರೇಶ ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತ.

"ಹಿರಿಯೂರಿನ ಮೂರ್ತಪ್ಪ ಒಳ್ಳೆ ರೇಟು ಹೇಳವ್ನೆ. ಅಪ್ಪಂಗೆ ಗೊತ್ತಾಗಲ್ಲ. ಹೊಸದುರ್ಗದ ಕಡೆ ತೆಂಗಿನ ತೋಟಕ್ಕೆ ಮಂದೆ ಹಾಕಿದೀವಿ ಅನ್ನಾಣ."

ಸುಳ್ಳು ಹೇಳಿ ಮಾಡಿಸಿದಂತೆ ಇತ್ತು. ವರ್ಷ ವರ್ಷ ಬೇಸಿಗೆಗೆ ಕುರಿಮಂದೆ ತೋಟಗಳಿಗೆ ಹೋಗುವುದು ವಾಡಿಕೆಯೇ. ರಾತ್ರಿ ಕುರಿ ಅಲ್ಲೇ ಮಲಗಿದರೆ ಹಿಕ್ಕೆ, ಗಂಜಳ ತೋಟಕ್ಕೆ ಗೊಬ್ಬರವಾಗುತ್ತದೆ. ತೋಟದವರು ಅದಕ್ಕೆ ಕಾಳೋ ಕಾಸೋ ಕೊಡುತ್ತಾರೆ. ಎರಡು ತಿಂಗಳು ರೊಪ್ಪ ಖಾಲಿ ಇದ್ದರೆ ಯಾರೂ ಯಾಕೆ ಅನ್ನುವುದಿಲ್ಲ.

"ಆಮ್ಯಾಲೆ?" ಅಂದಳು ನಾಗಶ್ರೀ.

"ಆಮ್ಯಾಲಿಂದು ಆಮ್ಯಾಲೆ. ಅಷ್ಟೊತ್ತಿಗೆ ಆಟದಾಗೆ ಮರ್ತಿರ್ತಾನೆ. ನಿನ್ ಕಾಲು ನೋಡ್ಕಂಡು ಹೇಳು, ಬ್ಯಾಡ ಅಂದ್ರೆ ಬಿಡ್ತೀನಿ."

ಅವಳು ಕಾಲು ನೋಡಿಕೊಂಡಳು. "ಮಾರ್ರಿ," ಅಂದಳು. "ಆದ್ರೆ ಕರಿಯನ್ನ ಕೊಡಂಗಿಲ್ಲ. ಅದು ಬೀರಪ್ಪನಿಗೆ ಬಿಟ್ಟಿರೋ ಟಗರು."

"ದೇವ್ರಾಣೆಗೂ ಕೊಡಲ್ಲ."

ಬರಗೇರಮ್ಮ ಕೇಳಿ ಮೊದಲು ಎದೆ ಬಡಿದುಕೊಂಡಳು. ಆಮೇಲೆ, "ಮಾಡ್ರಿ ಅತ್ಲಾಗೆ. ನಂಗೂ ಸಾಕಾಗೈತೆ. ಆದ್ರೆ ಕುರಿ ಮನೆ ಬಿಡಾಗ ಒಂದೊಂದು ಎಳೆ ಉಣ್ಣೆ ಕತ್ತರಿಸಿ ಇಟ್ಕಳ್ದೆ ಕಳಿಸಬ್ಯಾಡ್ರಿ. ಮತ್ತೆ ರೊಪ್ಪದಾಗೆ ಕುರಿ ನಿಲ್ಲಲ್ಲ," ಅಂದಳು. ಆ ಮನೆಯ ಪದ್ಧತಿ ಅದು. ಕುರಿ ಮಾರಿದರೆ ಅದರ ಉಣ್ಣೆಯ ಎಳೆ ದೇವರ ಗೂಡಿನಲ್ಲಿ ಒಂದು ವರ್ಷ ಇರಬೇಕು. ಗಂಡನಿಗೆ ಸುಳ್ಳು ಹೇಳಲು ಅಡ್ಡಿಯಿಲ್ಲ, ಪದ್ಧತಿ ಮಾತ್ರ ತಪ್ಪಬಾರದು!

ಕುರಿ ಹೊರಟ ದಿನ ಮುದ್ದಪ್ಪ ಬಾಗಿಲಲ್ಲಿ ಗೋಡೆ ಹಿಡಿದು ನಿಂತು ಒಂದೊಂದನ್ನೂ ಹೆಸರು ಹಿಡಿದು ಕಳಿಸಿದ. "ತೋಟದವ್ರಿಗೆ ಹೇಳ್ರಿ, ನೀರು ಎರಡು ಹೊತ್ತು ಕಾಣಿಸ್ಬೇಕು. ಆ ಬೋಳಿ ಕುರಿ ಗಬ್ಬ ಐತೆ, ಜ್ವಾಪಾನ!"

ಹೈವೇ ಪಕ್ಕದ ಹುಣಸೆಮರದ ಕೆಳಗೆ ಮೂರ್ತಪ್ಪನ ಲಾರಿ ನಿಂತಿತ್ತು. ಅತ್ತೆ ಒಂದೊಂದೇ ಕುರಿಯನ್ನು ಹಿಡಿದಳು, ನಾಗಶ್ರೀ ಬೆನ್ನಿನ ಮೇಲಿನ ಎಳೆ ಕತ್ತರಿಸಿ ಕೆಂಪು ಬಟ್ಟೆಯಲ್ಲಿ ಹಾಕಿದಳು. ಐವತ್ತಮೂರು. ಆದರೆ ಹಲಗೆ ಇಟ್ಟರೆ ಕುರಿ ಹತ್ತಬೇಕಲ್ಲ! ಹೊಡೆದರು, ಎಳೆದರು, ಒಂದೂ ಕಾಲಿಡಲಿಲ್ಲ. ಎಲ್ಲವೂ ಕರಿಯನ ಮುಖ ನೋಡುತ್ತ ನಿಂತವು.

"ಮುಂದಾಳು ಹತ್ತಿದ್ರೆ ಹತ್ತಾವೆ. ಹತ್ಸಿ ಇಳ್ಸಿಕಳ್ರಿ," ಅಂದ ಮೂರ್ತಪ್ಪ.

ಬೀರೇಶ ಹೆಂಡತಿಯ ಕಡೆ ನೋಡಿದ. ಕರಿಯ ಬರುತ್ತಿದ್ದುದು ಅವಳ ದನಿಗೆ ಮಾತ್ರ, ನಾಲ್ಕು ತಿಂಗಳು ಕಾಯ್ದವಳು ಅವಳು. ಮಡಿಲಿನ ಹುರುಳಿಯನ್ನು ಅಂಗೈಯಲ್ಲಿ ಹಿಡಿದು, "ಬಾರೋ ಕರಿಯ, ಬಾ," ಅಂತ ಹಿಂದೆ ಹಿಂದೆ ಹಲಗೆ ಹತ್ತಿದಳು. ಕರಿಯ ಹತ್ತಿದ. ಅವನ ಹಿಂದೆ ಐವತ್ತಮೂರೂ ದಡದಡ ಹತ್ತಿದವು. ಕರಿಯ ಒಳಗೆ ಮೂಲೆಯಲ್ಲಿ, ಮುಂದೆ ಇಡೀ ಹಿಂಡು. ನಾಗಶ್ರೀ ಪಕ್ಕದ ಕಟಕಟೆ ಹತ್ತಿ ಹೊರಗೆ ಇಳಿಯುವಷ್ಟರಲ್ಲಿ ಮೂರ್ತಪ್ಪ ಲಾರಿಯ ಬಾಗಿಲು ಹಾಕಿ ಚಿಲಕ ಜಡಿದ.

"ಈಗ ಒಂದು ಇಳಿಸಾಕೋದ್ರೆ ಎಲ್ಲಾ ಇಳೀತಾವೆ. ಅದಕ್ಕೂ ಸೇರಿಸಿ ಕೊಡ್ತೀನಿ ಬಿಡಪ್ಪ."

"ರೀ, ಏನಾರ ಅನ್ರೀ!" ಅಂದಳು ನಾಗಶ್ರೀ. ಬೀರೇಶ ಹೈವೇ ನೋಡುತ್ತ ನಿಂತಿದ್ದ. ಅವಳು ಲಾರಿಯ ಸಂದಿಯಿಂದ ಕೈ ತೂರಿಸಿ ಕರಿಯನ ಕತ್ತಿನಿಂದಲೂ ಒಂದು ಎಳೆ ಕತ್ತರಿಸಿಕೊಂಡಳು. ಅವನು ಆಗಲೂ ಅವಳ ಅಂಗೈ ಮೂಸುತ್ತಿದ್ದ.

ಆಮೇಲೆ ಮನೆಯಲ್ಲಿ ಹೊಸ ಕಾನೂನು ಬಂತು. ಮುದ್ದಪ್ಪನನ್ನು ಜಗಲಿಗೆ ಬಿಡಕೂಡದು; ಬೀದಿಯಲ್ಲಿ ಹೋಗುವವರು ಬಾಯಿಬಿಟ್ಟರೆ ಕೆಟ್ಟಿತು. "ಅವನು ಎದ್ದಂಗೆ ಆಟ ಹಚ್ಚಿ ಕೂರ್ಸು," ಎಂದು ಬೀರೇಶ ಹೆಂಡತಿಗೆ ತಾಕೀತು ಮಾಡಿದ. ಕೈಗೆ ಮದ್ದಾಗಿದ್ದ ಆಟ ಈಗ ಮುದುಕನನ್ನು ಕಟ್ಟಿಹಾಕುವ ಗೂಟವಾಯಿತು. ನೋಡಲು ಬಂದವರನ್ನು ಬರಗೇರಮ್ಮ ಬಾಗಿಲಲ್ಲೇ, "ಮಾತಾಡ್ಸಬ್ಯಾಡ ಅಂದವ್ರೆ ಡಾಕ್ಟ್ರು," ಎಂದು ವಾಪಸು ಕಳಿಸಿದಳು. ದಿವ್ಯಾಳಿಗೂ ತೋಟದ ಕಥೆಯನ್ನೇ ಹೇಳಿದ್ದರು. ಬೀರೇಶ ವಾರಕ್ಕೊಮ್ಮೆ ಸಂತೆಯಲ್ಲಿ ತೆಂಗಿನಕಾಯಿ ಕೊಂಡು ತಂದು, "ತೋಟದವ್ರು ಕೊಟ್ರು," ಅನ್ನುತ್ತಿದ್ದ. ಮುದ್ದಪ್ಪ ಆ ಕಾಯಿಯ ಚಟ್ನಿ ನೆಕ್ಕಿಕೊಂಡು ಉಣ್ಣುತ್ತಿದ್ದ. "ಕುರಿಗೊಬ್ಬರದ ಕಾಯಿ ರುಚಿಯೇ ಬ್ಯಾರೆ," ಅನ್ನುತ್ತಿದ್ದ. ನಾಗಶ್ರೀ ಆ ಚಟ್ನಿ ಮುಟ್ಟುತ್ತಿರಲಿಲ್ಲ. ಕಾಲೇನೋ ವಾಸಿಯಾಗಿತ್ತು.

ಆದರೆ ಮುದುಕ ಮರೆಯಲಿಲ್ಲ. ಮರೆಯುವುದಿರಲಿ, ದಿನಾ ಅದೇ ಜಪ. "ಬೋಳಿ ಈದಿರಬೇಕು. ನನ್ನ ಒಂದ್ ಸಲ ಕರ್ಕಂಡೋಗ್ಲೇ."

ಒಂದು ದಿನ ಬೀರೇಶನಿಗೆ ರೇಗಿತು. "ಕೈ ಸರಿಯಾಗ್ಲಿ, ಹೋಗಾಣ! ಆ ಆಟದಾಗೆ ಹತ್ತು ಸಾವಿರ ಮಾಡು, ಅವತ್ತೇ ಹೊಸದುರ್ಗಕ್ಕೆ ಕರ್ಕಂಡೋಗ್ತೀನಿ." ಆಗ ಗೋಡೆಯ ಮೇಲೆ ಇದ್ದದ್ದು ನಾಲ್ಕು ಸಾವಿರದ ಚಿಲ್ಲರೆ.

"ಮಾತು?"

"ಮಾತು."

ಮುದ್ದಪ್ಪ ಊಟ ಕಡಿಮೆ ಮಾಡಿ ಆಡಿದ. ಯಾವ ಹುಳು ಯಾವಾಗ ಸಾಲು ಬಿಡುತ್ತದೆ, ಬಿಟ್ಟದ್ದು ಎಡಕ್ಕೆ ತಿರುಗುತ್ತದೋ ಬಲಕ್ಕೋ, ಎಲ್ಲ ಅವನಿಗೆ ತಿಳಿದುಹೋಗಿತ್ತು. ಮೊದಲು ಅಂಚಿನವನ್ನು ಹೊಡೆಯುತ್ತಿದ್ದ, ನಡುವಿನವು ದಿಕ್ಕುಗೆಡುತ್ತಿದ್ದವು. ಐದು ಸಾವಿರ. ಏಳು ಸಾವಿರ. ಯುಗಾದಿಯ ಹೋಳಿಗೆಯನ್ನು ಬಲಗೈಯಿಂದಲೇ ಮುರಿದು ತಿಂದ. ಮಗ ಸೊಸೆಯ ಮುಖ ನೋಡಿದ, ಸೊಸೆ ತಟ್ಟೆ ನೋಡಿದಳು.

ಹಬ್ಬದ ಮರುದಿನ ಅವನು ಎದ್ದುಬಿದ್ದು ಒಂಬತ್ತು ಸಾವಿರದ ನಾನೂರಕ್ಕೆ ಹೋದ. ಇನ್ನೂ ಎರಡು ಜೀವ ಬಾಕಿ ಇದ್ದವು. ದಿವ್ಯಾ, "ತಾತ, ಬಂತು, ಬಂತು!" ಎಂದು ಕುಣಿಯುತ್ತಿದ್ದಳು. ನಾಗಶ್ರೀ ಅಡುಗೆಮನೆಯಿಂದ ಎದ್ದು ಹೋಗಿ ಮೀಟರಿನ ಕೆಳಗಿನ ಮೇನ್ ಸ್ವಿಚ್ ಇಳಿಸಿದಳು.

ಟಿವಿ ಕಣ್ಣು ಮುಚ್ಚಿತು.

"ಅಯ್ಯೋ, ಕರೆಂಟು!" ಅಂದಳು ದಿವ್ಯಾ. ಮುದ್ದಪ್ಪ ಹ್ಯಾಂಡಲ್ಲು ತೊಡೆಯ ಮೇಲಿಟ್ಟ. ಪಕ್ಕದ ಮನೆಯ ಮಿಕ್ಸಿ ಗರಗರ ಅನ್ನುತ್ತಲೇ ಇತ್ತು.

"ಹೋಗ್ಲಿ ಬಿಡು ಮಗ," ಅಂದ ಮುದುಕ, ಮಿಕ್ಸಿ ಕೇಳಿಸಿತೋ ಇಲ್ಲವೋ. "ನಾಳೆ ಹೊಡೀತೀನಿ."

ಅಂದಂತೆ ಮರುದಿನ, ಭಾನುವಾರ ಬೆಳಿಗ್ಗೆ, ನಾಗಶ್ರೀ ಬಟ್ಟೆ ಒಗೆಯಲು ಹೋದ ಹೊತ್ತಿನಲ್ಲಿ ಹೊಡೆದ. ದಿವ್ಯಾ ಕೂಗಿಕೊಂಡು ನಲ್ಲಿಯ ಹತ್ತಿರ ಓಡಿಬಂದಳು: "ಹತ್ತು ಸಾವಿರದ ಇನ್ನೂರಮ್ಮ!" ನಾಗಶ್ರೀ ಸೋಪಿನ ಕೈಯಲ್ಲೇ ಮನೆಗೆ ಬಂದಳು. ಮುದ್ದಪ್ಪ ಆಗಲೇ ಹೊರಟು ನಿಂತಿದ್ದ. ಒಗೆದ ಅಂಗಿ, ಎಲ್ಲ ಗುಂಡಿಗಳನ್ನೂ ತಾನೇ ಹಾಕಿಕೊಂಡಿದ್ದು. ಹೆಗಲ ಮೇಲೆ ಕಂಬಳಿ. ಮೂಲೆಯ ಕೋಲು ಬಲಗೈಯಲ್ಲಿ. ಐದು ತಿಂಗಳಲ್ಲಿ ಅವನನ್ನು ಅಷ್ಟು ನೆಟ್ಟಗೆ ಅವಳು ಕಂಡಿರಲಿಲ್ಲ.

"ಎಲ್ಲವ್ವ ನಿನ್ ಗಂಡ? ಮಾತು ಕೊಟ್ಟವ್ನೆ, ಹೊರಡ್ಲಿ."

"ದುರ್ಗಕ್ಕೆ ಹೋಗವ್ರೆ ಮಾವ. ಬರಲಿ ಇರ್ರಿ, ಕುಂತ್ಕಳ್ರಿ. ಬಿಸಿಲೈತೆ..."

"ಬಿಸಿಲು ಕುರಿಯೋನಿಗೇನು? ಬಸ್ಸಿಗೆ ಹೋಗಾಣ. ನೀನೂ ಬಾ, ಮಗಾನೂ ಬರ್ಲಿ." ಅವನು ನಗುತ್ತಿದ್ದ. "ತಡಿ, ಭಂಡಾರ ಹಚ್ಕಂತೀನಿ. ಬ್ಯಾಡ ಬ್ಯಾಡ, ನೀನು ಬರಬ್ಯಾಡ. ಇವತ್ತು ನನ್ ಕೈಲೇ."

ಕೋಲನ್ನು ಗೋಡೆಗೆ ಒರಗಿಸಿ ಬಲಗೈಯನ್ನು ಮೇಲೆತ್ತಿದ. ಅದು ನಡುಗುತ್ತ ಎದೆ ದಾಟಿತು, ಭುಜ ದಾಟಿತು, ಗೂಡಿನ ಅಂಚು ಹಿಡಿಯಿತು. ದಿವ್ಯಾ ಚಪ್ಪಾಳೆ ತಟ್ಟಿದಳು. ನಾಗಶ್ರೀ, "ಮಾವ!" ಎಂದು ಎರಡು ಹೆಜ್ಜೆ ಮುಂದಿಟ್ಟಳು. ತಡವಾಗಿತ್ತು. ಭಂಡಾರದ ಡಬ್ಬಿಗೆ ತಡಕಿದ ಕೈಗೆ ಹಿಂದಿದ್ದ ಕೆಂಪು ಬಟ್ಟೆಯ ಗಂಟು ಸಿಕ್ಕಿತು.

ಅವನು ಅದನ್ನು ಕೆಳಗೆ ಇಳಿಸಿಕೊಂಡು ನೋಡಿದ. ಕೇಳಲಿಲ್ಲ, ಯಾಕೆ ಕೇಳಬೇಕು, ಅದೇನೆಂದು ಆ ಮನೆಯಲ್ಲಿ ಹುಟ್ಟಿದವನಿಗೆ ಗೊತ್ತಿಲ್ಲವೇ? ನೆಲದ ಮೇಲೆ ಕೂತು, ಬರಗೇರಮ್ಮ ಬಿಗಿದು ಹಾಕಿದ್ದ ಗಂಟನ್ನು ಹೆಬ್ಬೆಟ್ಟು, ತೋರುಬೆರಳಿನಲ್ಲಿ ಹಿಡಿದು ನಿಧಾನವಾಗಿ ಬಿಚ್ಚಿದ. ಆ ಬೆರಳುಗಳಿಗೆ ಈಗ ಎಲ್ಲವೂ ಬರುತ್ತಿತ್ತು.

ಒಂದೊಂದು ಎಳೆಯನ್ನೂ ಬೆರಳ ನಡುವೆ ಹೊಸೆದು ಪಕ್ಕಕ್ಕೆ ಇಡುತ್ತ ಹೋದ. "ಬೋಳಿ," ಅಂದ. "ಕೆಂಪಿ. ಮೂಗುಬೊಟ್ಟಿಂದು. ಇದು ಹೋದ್ವರ್ಸದ ಅವಳಿ, ಎರಡೂ." ಬರಗೇರಮ್ಮ ಅಡುಗೆಮನೆಯ ಬಾಗಿಲಿಗೆ ಬಂದವಳು ಅಲ್ಲೇ ಕುಸಿದು ಕೂತು ಸೆರಗು ಬಾಯಿಗೆ ತುರುಕಿಕೊಂಡಳು. ಕೊನೆಗೆ ಬಟ್ಟೆಯಲ್ಲಿ ಉಳಿದದ್ದು ಕಪ್ಪನೆಯ ಒಂದು ಎಳೆ. ಅದನ್ನು ಅವನು ಬಹಳ ಹೊತ್ತು ಹೊಸೆದ.

"ಕರಿಯನ್ನೂನಾ?"

"ಮಾವ, ಅದು... ಕುರಿ ಲಾರಿ ಹತ್ತಲಿಲ್ಲ. ಅದು ಹತ್ತಿದ್ರೆ ಹತ್ತಾವೆ ಅಂತ..."

"ಗೊತ್ತು. ಅವನು ಹತ್ತದೆ ಅವು ಹತ್ತಾವಲ್ಲ. ಅವನ್ನ ಹತ್ಸಿದ್ಯಾರು? ಬೀರೇಶನ ಮಾತಿಗೆ ಅವನು ಬರಾನಲ್ಲ."

ನಾಗಶ್ರೀಯ ಕೈಯ ಸೋಪು ಒಣಗಿ ಚರ್ಮ ಬಿಗಿಯುತ್ತಿತ್ತು. "ನಾನೇ," ಅಂದಳು.

"ಅಮ್ಮ?" ಅಂದಳು ದಿವ್ಯಾ. "ನಿಂಗೆ ಗೊತ್ತಿತ್ತಾ? ಮತ್ತೆ ನಿನ್ನೆ ಕರೆಂಟು...?" ಉತ್ತರಕ್ಕೆ ಕಾಯಲಿಲ್ಲ ಹುಡುಗಿ. ಗೋಡೆಯ ಸೀಮೆಸುಣ್ಣದ ಲೆಕ್ಕವನ್ನೆಲ್ಲ ಅಂಗೈಯಿಂದ ಉಜ್ಜಿ ಉಜ್ಜಿ ಅಳಿಸಿ ಹೊರಗೆ ಓಡಿದಳು.

ಬೈಯಲಿ, ಹೊಡೆಯಲಿ, ಆ ಕೋಲು ಎತ್ತಿ ಬೆನ್ನು ಮುರಿಯಲಿ ಎಂದು ನಾಗಶ್ರೀ ಕಾಯ್ದಳು. ಮುದ್ದಪ್ಪ ಐವತ್ತನಾಲ್ಕೂ ಎಳೆಯನ್ನು ಮತ್ತೆ ಬಟ್ಟೆಯಲ್ಲಿಟ್ಟು, ಅದೇ ಬೆರಳಿನಲ್ಲಿ ಅಚ್ಚುಕಟ್ಟಾಗಿ ಗಂಟು ಹಾಕಿ, ಕಂಬಳಿ ಹೊದ್ದುಕೊಂಡೇ ಟಿವಿಯ ಮುಂದೆ ಹೋಗಿ ಕೂತ.

"ಆಟ ಹಚ್ಚವ್ವ."

ಅವಳು ಹಚ್ಚಿದಳು, ಹ್ಯಾಂಡಲ್ಲು ಕೈಗೆ ಕೊಟ್ಟಳು. ಕಪ್ಪು ಆಕಾಶದಲ್ಲಿ ಸಾಲು ಮೂಡಿತು. ಮೊದಲ ಹುಳು ಸಾಲು ಬಿಟ್ಟು ಓರೆಯಾಗಿ ಇಳಿಯಿತು. ಹೆಬ್ಬೆಟ್ಟು ಗುಂಡಿಯ ಮೇಲೆಯೇ ಇತ್ತು, ಅಲುಗಲಿಲ್ಲ. ಹಡಗು ಸಿಡಿಯಿತು. ಎರಡನೆಯದೂ ಸಿಡಿಯಿತು.

"ಒತ್ರಿ ಮಾವ," ಅಂದಳು ನಾಗಶ್ರೀ. "ನಿಮ್ಗೆ ಬರ್ತೈತಲ್ಲ, ಒತ್ರಿ."

"ಬರ್ತೈತೆ," ಅಂದ ಮುದ್ದಪ್ಪ, ಟಿವಿಯಿಂದ ಕಣ್ಣು ತೆಗೆಯದೆ. "ತೋಳ ಹೊಡೆದು ಈಗ ಏನು ಕಾಯಾನ, ತಾಯಿ?"